ಮಗಳಿಗೊಂದು ಪತ್ರ: ಚೌಕಗಳ ನಡುವಿನ ಬಿಳಿ ಪಟ್ಟಿ, ಮಂತ್ರದ ಬೆಲೆ

ಪ್ರೀತಿಯ ಪುಟ್ಟಿ,

ನೀನು ಬರೆದು ಕಳಿಸಿದ ಎರಡು ಟಿಪ್ಪಣಿಗಳನ್ನೂ ಓದಿದೆ. ಗ್ರಾಫಿಕ್ ಕಾದಂಬರಿಯ, ಅಂದರೆ ಚಿತ್ರಗಳಲ್ಲೇ ಕಥೆ ಹೇಳುವ ಕಾದಂಬರಿಯ ಬಗ್ಗೆ ಬರೆದದ್ದರಲ್ಲಿ “‘ಮೌಸ್’ ಕಥೆ ಕರುಳು ಹಿಂಡುತ್ತದೆ, ಆದರೆ ಚಿತ್ರ ಅಷ್ಟಕ್ಕಷ್ಟೆ, ಒಂದೇ ಸಂಜೆಗೆ ಮುಗಿಯಿತು” ಅಂದಿದ್ದೀಯ. ಫ್ಯಾಂಟಸಿಯ ಬಗ್ಗೆ “ಮಂತ್ರವಿರುವ ಕಡೆ ಏನು ಬೇಕಾದರೂ ಆಗಬಹುದು, ಅಲ್ಲಿ ಲಾಜಿಕ್ ಹುಡುಕಬಾರದು” ಅಂದಿದ್ದೀಯ. ಎರಡಕ್ಕೂ ನನ್ನ ತಕರಾರಿದೆ. ಪುಸ್ತಕ ಹಿಡಿಸಲಿಲ್ಲ ಅನ್ನುವುದಕ್ಕೆ ನೀನು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಆದರೆ ಅದನ್ನು ಅಭಿಪ್ರಾಯ ಅಂತ ನಾಲ್ಕು ಜನರ ಮುಂದೆ ಇಡುವಾಗ ಇಂಥ ಪುಟ, ಇಂಥ ಚೌಕ, ಇಂಥ ಅಧ್ಯಾಯ ಅಂತ ಬೆರಳಿಟ್ಟು ತೋರಿಸಬೇಕು. ಇಲ್ಲದಿದ್ದರೆ ಅದು ಆ ದಿನದ ಮೂಡು, ಅಷ್ಟೆ.

ಮೊದಲು ‘ಮೌಸ್’. ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಸ್‌ನಿಂದ ಬದುಕಿ ಬಂದ ಪೋಲೆಂಡಿನ ಯಹೂದಿ ಅಪ್ಪನ ಬಾಯಿಂದ ಕೇಳಿದ್ದನ್ನು ಮಗ ಆರ್ಟ್ ಸ್ಪೀಗಲ್‌ಮನ್ ಚಿತ್ರವಾಗಿಸಿದ ಪುಸ್ತಕ. 1992ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಯಹೂದಿಗಳು ಇಲಿಗಳು, ಜರ್ಮನ್ನರು ಬೆಕ್ಕುಗಳು, ಪೋಲೆಂಡಿನ ಇತರರು ಹಂದಿಗಳು. ಚಿತ್ರ ಒರಟಾಗಿದೆ ಅಂತ ನಿನಗೆ ಅನ್ನಿಸಿದ್ದು ಸರಿಯೇ. ಆದರೆ ಅದು ಕೈಲಾಗದ ಒರಟುತನವಲ್ಲ. ಕಾಮಿಕ್ಸ್ ಕಲಾವಿದರು ಸಾಮಾನ್ಯವಾಗಿ ದೊಡ್ಡ ಹಾಳೆಯ ಮೇಲೆ ಬರೆದು ಅಚ್ಚಿಗೆ ಹೋಗುವಾಗ ಚಿಕ್ಕದು ಮಾಡಿಸುತ್ತಾರೆ. ಗೆರೆಯ ನಡುಕ ಮಾಯವಾಗಿ ಎಲ್ಲ ಚೊಕ್ಕಟವಾಗಿ ಕಾಣುತ್ತದೆ. ಸ್ಪೀಗಲ್‌ಮನ್ ಅಚ್ಚಾಗುವ ಅಳತೆಯಲ್ಲೇ, ಫೌಂಟನ್ ಪೆನ್ನಿನಲ್ಲಿ ಬರೆದರು. ಗೆರೆಯಲ್ಲಿ ಕೈಬರಹದ ಗುಣ ಉಳಿಯಿತು. ಇಲಿಗಳ ಮುಖಗಳೂ ಬಹುತೇಕ ಒಂದೇ ಥರ. ಯಾರು ಯಾರೆಂದು ನಾವು ಗುರುತು ಹಿಡಿಯುವುದು ಕೋಟಿನಿಂದ, ಕನ್ನಡಕದಿಂದ, ನಿಂತ ಭಂಗಿಯಿಂದ. ಮನುಷ್ಯರನ್ನು ಒಂದು ಜಾತಿಯ ಪ್ರಾಣಿಗಳೆಂದು ಲೆಕ್ಕ ಹಾಕಿದ ಆಡಳಿತದ ಕಥೆಯಲ್ಲಿ ಮುಖಗಳು ಬೇರೆ ಹೇಗಿರಬೇಕಿತ್ತು?

ಮೊದಲ ಸಂಪುಟದಲ್ಲಿ ಅಪ್ಪ ವ್ಲಾಡೆಕ್ ಮತ್ತು ಅಮ್ಮ ಆನ್ಯಾ ಅಡಗುವ ಜಾಗ ಹುಡುಕುತ್ತಾ ಬೀದಿಯಲ್ಲಿ ನಡೆಯುವ ಪುಟಗಳನ್ನು ಮತ್ತೆ ತೆಗೆ. ಪೋಲೆಂಡಿನವರಂತೆ ತೋರಲೆಂದು ಇಬ್ಬರೂ ಹಂದಿಯ ಮುಖವಾಡ ಕಟ್ಟಿಕೊಂಡಿದ್ದಾರೆ. ಹಿಂದೆ ಕಟ್ಟಿದ ದಾರವೂ ಕಾಣುತ್ತದೆ. ಆನ್ಯಾಳನ್ನು ನೋಡಿದರೆ ಬೇಗ ಗೊತ್ತಾಗಿಬಿಡುತ್ತಿತ್ತು ಅಂತ ಅಪ್ಪ ಹೇಳುತ್ತಾನೆ. ಚಿತ್ರದಲ್ಲಿ ಅವಳ ಕೋಟಿನ ಕೆಳಗಿಂದ ಬಾಲ ಇಳಿಬಿದ್ದಿದೆ. ಆ ಬಾಲದ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಇನ್ನೊಂದು ಪುಟದಲ್ಲಿ, ಎಲ್ಲಿಗೂ ಹೋಗಲು ದಾರಿಯಿಲ್ಲದೆ ಅವರು ನಿಂತ ಕೂಡುರಸ್ತೆಯೇ ನಾಜಿಗಳ ಸ್ವಸ್ತಿಕದ ಆಕಾರದಲ್ಲಿದೆ. ಒಂದೇ ಸಂಜೆಯ ಓದಿನಲ್ಲಿ ಕೈತಪ್ಪಿ ಹೋಗುವುದು ಇಂಥವೇ. ‘ಚಿತ್ರ ಅಷ್ಟಕ್ಕಷ್ಟೆ’ ಅನ್ನುವ ಮೊದಲು ಈ ಬಾಲಕ್ಕೆ, ಈ ರಸ್ತೆಗೆ ಉತ್ತರ ಹೇಳಬೇಕಾಗುತ್ತದೆ.

ಗ್ರಾಫಿಕ್ ಕಾದಂಬರಿ ಓದುವ ಕ್ರಮ ಹೀಗಿರಲಿ. ಮೊದಲ ಸಲ ಕಥೆಯ ಓಟಕ್ಕೆ ಓದಿಬಿಡು, ತಡೆಯಬೇಡ. ಎರಡನೇ ಸಲ ಪೂರ್ತಿ ಪುಸ್ತಕ ಬೇಡ, ಎಂಟು ಹತ್ತು ಪುಟ ಸಾಕು: ಮಾತಿನ ಗುಳ್ಳೆಗಳನ್ನು ಬಿಳಿ ಚೀಟಿಯಿಂದ ಮುಚ್ಚಿ ಚಿತ್ರ ಮಾತ್ರ ನೋಡು. ಕಥೆ ಅರ್ಧದಷ್ಟಾದರೂ ತಿಳಿಯಬೇಕು. ಆಮೇಲೆ ಉಲ್ಟಾ, ಚಿತ್ರ ಮುಚ್ಚಿ ಮಾತು ಓದು. ಮಾತಿನಿಂದಲೇ ಎಲ್ಲ ತಿಳಿದುಬಿಟ್ಟರೆ ಚಿತ್ರ ಅಲ್ಲಿ ಸುಮ್ಮನೆ ಕೂತಿದೆ ಎಂದರ್ಥ. ‘ಅವನು ಕುದುರೆ ಏರಿ ಹೊರಟನು’ ಅಂತ ಮೇಲಿನ ಪಟ್ಟಿಯಲ್ಲಿ ಬರೆದು, ಕೆಳಗೆ ಕುದುರೆ ಏರಿ ಹೊರಟವನನ್ನೇ ಬರೆಯುವುದು ಈ ಕಲೆಯ ಅತಿ ಸಾಮಾನ್ಯ ದೋಷ. ನಮ್ಮ ಪುರಾಣದ ಚಿತ್ರಕಥೆಗಳಲ್ಲಿ ಇದು ಧಾರಾಳವಾಗಿ ಸಿಗುತ್ತದೆ.

ಮೂರನೆಯದಾಗಿ ಒಂದೇ ಒಂದು ಪುಟ ಆರಿಸಿಕೊಂಡು ಚೌಕಗಳನ್ನು ಎಣಿಸು. ಚೌಕಗಳ ನಡುವಿನ ಬಿಳಿ ಪಟ್ಟಿಗೆ ಕಲಾವಿದರು ಗಟರ್ ಅನ್ನುತ್ತಾರೆ. ಒಂದು ಚೌಕದಲ್ಲಿ ಬಾವಿಕಟ್ಟೆಯ ಮೇಲೆ ಹುಡುಗ, ಮುಂದಿನದರಲ್ಲಿ ಬರೀ ಹಗ್ಗ ಓಲಾಡುತ್ತಿದೆ ಅಂದುಕೋ. ಹುಡುಗ ಬಿದ್ದನೋ, ನೀರು ಸೇದಿಕೊಂಡು ಮನೆಗೆ ಹೋದನೋ? ಅದು ನಡೆದದ್ದು ಆ ಪಟ್ಟಿಯಲ್ಲಿ, ನಡೆಸಿದವಳು ನೀನು. ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಲೌಡ್ 1993ರಲ್ಲಿ ಈ ಜಿಗಿತಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಕ್ಷಣದಿಂದ ಕ್ಷಣಕ್ಕೆ, ಕ್ರಿಯೆಯಿಂದ ಕ್ರಿಯೆಗೆ, ಒಬ್ಬರಿಂದ ಇನ್ನೊಬ್ಬರಿಗೆ, ದೃಶ್ಯದಿಂದ ದೃಶ್ಯಕ್ಕೆ, ಒಂದೇ ಜಾಗದ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ, ಮತ್ತು ಸಂಬಂಧವೇ ಇಲ್ಲದ ಜಿಗಿತ. ಐದನೆಯದನ್ನು ಮಾಂಗಾ ಅನ್ನುವ ಜಪಾನಿನ ಕಾಮಿಕ್ಸ್‌ನವರು ಧಾರಾಳವಾಗಿ ಬಳಸುತ್ತಾರೆ: ಮಳೆ, ಸೂರು, ಚಪ್ಪಲಿ, ಖಾಲಿ ಕುರ್ಚಿ. ಏನೂ ನಡೆಯುವುದಿಲ್ಲ, ಹೊತ್ತು ನಿಲ್ಲುತ್ತದೆ. ಅಂಥ ಪುಟವನ್ನು ಸರಸರ ತಿರುವಿ ‘ಎಳೆದಿದ್ದಾರೆ’ ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪುಟ ಎಲ್ಲಿ ತಿರುಗುತ್ತದೆ ಅನ್ನುವುದನ್ನೂ ಗಮನಿಸು. ಬಲಪುಟದ ಕೊನೆಯ ಚೌಕದಲ್ಲಿ ಕುತೂಹಲ ಕಟ್ಟಿ, ತಿರುವಿದ ಮೇಲೆ ಎಡಪುಟದ ಮೊದಲ ಚೌಕದಲ್ಲಿ ಬಿಚ್ಚುತ್ತಾರೆ. ಟಿನ್‌ಟಿನ್ ಕಥೆಗಳು ಮೊದಲು ಪತ್ರಿಕೆಯಲ್ಲಿ ಕಂತುಕಂತಾಗಿ ಬಂದವು. ಹಾಗಾಗಿ 62 ಪುಟದ ಆಲ್ಬಂಗಳಲ್ಲೂ ಪುಟದ ಬುಡದಲ್ಲಿ ಒಂದು ಪುಟ್ಟ ಕೊಕ್ಕೆ ಉಳಿದುಕೊಂಡಿದೆ. 1986–87ರಲ್ಲಿ 12 ಸಂಚಿಕೆಗಳಾಗಿ ಬಂದ ‘ವಾಚ್‌ಮೆನ್’ನಲ್ಲಿ ಪುಟವನ್ನು ಮೂರು ಮೂರರಂತೆ 9 ಸಮ ಚೌಕಗಳಾಗಿ ಹಂಚಿದ್ದಾರೆ. ಓದುತ್ತಾ ಓದುತ್ತಾ ಅದು ಕೈಯಲ್ಲಿ ಹಾಕುವ ತಾಳದಂತೆ ಒಳಗೆ ಕೂರುತ್ತದೆ. ಆಮೇಲೆ ಎರಡು ಮೂರು ಚೌಕ ಕೂಡಿಸಿ ಒಂದು ಉದ್ದ ಚಿತ್ರ ಬಂದರೆ ಎದೆ ಝಲ್ಲೆನ್ನುವುದು ಅದಕ್ಕೇ. ಐದನೇ ಸಂಚಿಕೆಯನ್ನು ನಡುಪುಟದಿಂದ ಎರಡೂ ಕಡೆಗೆ ತಿರುವಿ ನೋಡು, ಚೌಕಗಳ ಜೋಡಣೆ ಕನ್ನಡಿಯಲ್ಲಿ ಕಂಡಂತೆ ಹೊಂದುತ್ತದೆ.

ಕನ್ನಡಕ್ಕೆ ತಂದ ಕಾಮಿಕ್ಸ್ ಬಗ್ಗೆ ಬರೆಯುವಾಗ ‘ಅನುವಾದ ಸಪ್ಪೆ’ ಅಂದಷ್ಟಕ್ಕೆ ನಿಲ್ಲಿಸಬೇಡ, ಗುಳ್ಳೆಯೊಳಗಿನ ಅಕ್ಷರವನ್ನು ನೋಡು. ಇಂಗ್ಲಿಷ್ ಕಾಮಿಕ್ಸ್ ಸಾಮಾನ್ಯವಾಗಿ ಬರೀ ದೊಡ್ಡಕ್ಷರಗಳಲ್ಲಿರುತ್ತದೆ. ಸಾಲಿನ ಮೇಲಕ್ಕಾಗಲಿ ಕೆಳಕ್ಕಾಗಲಿ ಏನೂ ಚಾಚುವುದಿಲ್ಲ, ಸಾಲುಗಳು ಒತ್ತೊತ್ತಾಗಿ ಕೂರುತ್ತವೆ. ನಮ್ಮಲ್ಲಿ ಮೇಲೆ ಗುಣಿತ, ಕೆಳಗೆ ಒತ್ತಕ್ಷರ. ಎರಡು ಸಾಲಿನ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಇಕಾರಕ್ಕೆ ಹೊಡೆಯುತ್ತದೆ. ಜೊತೆಗೆ ನಮ್ಮ ಪದಗಳು ಉದ್ದ. ‘ಹೋಗಬೇಕಾಗಿರುವುದರಿಂದ’ ಮೊಟ್ಟೆಯಾಕಾರದ ಗುಳ್ಳೆಯಲ್ಲಿ ನಡುಸಾಲಿಗೆ ಮಾತ್ರ ಹಿಡಿಸುತ್ತದೆ, ಮೇಲೆ ಕೆಳಗೆ ಆಗುವುದಿಲ್ಲ. ಆಗ ಪ್ರಕಾಶಕರು ಅಕ್ಷರ ಕುಗ್ಗಿಸುತ್ತಾರೆ, ಇಲ್ಲವೇ ಗುಳ್ಳೆ ಹಿಗ್ಗಿಸಿ ಚಿತ್ರದ ಮೇಲೆ ಹರಿಯಬಿಡುತ್ತಾರೆ. ಎರಡೂ ಕೆಡುಕೇ. ಬಲ್ಲ ಅನುವಾದಕರು ವಾಕ್ಯವನ್ನೇ ಕತ್ತರಿಸುತ್ತಾರೆ: ಕ್ರಿಯಾಪದದಲ್ಲೇ ಕರ್ತೃ ಅಡಗಿರುವುದರಿಂದ ‘ನಾನು’, ‘ನೀನು’ ಬಿಡುತ್ತಾರೆ, ‘ಹೋಗ್ಬೇಕು’, ‘ಬಾರೋ’ ಅಂತ ಆಡುಮಾತಿಗೆ ಇಳಿಯುತ್ತಾರೆ. ಸದ್ದಿನ ಅಕ್ಷರಗಳ ಕಷ್ಟ ಬೇರೆ; ಅವು ಚಿತ್ರದ ಭಾಗವಾಗಿಯೇ ಬರೆದಿರುತ್ತವೆ, ಅಳಿಸಿದರೆ ಹಿನ್ನೆಲೆ ಮತ್ತೆ ಬರೆಯಬೇಕು. ದುಡ್ಡು ಉಳಿಸಲು ಇಂಗ್ಲಿಷ್ ಸದ್ದುಗಳನ್ನೇ ಬಿಡುತ್ತಾರೆ. ಧಡಾರ್, ಟಪಟಪ, ಗಿರ್ರನೆ, ಪಟ್ಟನೆ ಅಂತ ಇಷ್ಟೊಂದು ಸದ್ದು ಇಟ್ಟುಕೊಂಡಿರುವ ಭಾಷೆಗೆ ಇದಕ್ಕಿಂತ ಅನ್ಯಾಯ ಬೇಕೆ! ಅಂದಹಾಗೆ, ಅಮರ ಚಿತ್ರ ಕಥೆಯ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ. ಕೆ. ಅನಂತರಾಂ ಪಾಶ್ಚಾತ್ಯ ಕಥೆಗಳನ್ನು ಕನ್ನಡಕ್ಕೆ ತಂದು ಶುರುಮಾಡಿದರು. ಆ ಸರಣಿ ಮೊದಲ ಹತ್ತು ಸಂಖ್ಯೆಗಳನ್ನು ತೆಗೆದುಕೊಂಡದ್ದರಿಂದಲೇ ‘ಕೃಷ್ಣ’ 11ನೆಯದಾಯಿತು.

ಚೌಕವೇ ಬೇಡ ಅಂದವರೂ ಇದ್ದಾರೆ. 2011ರ ‘ಭೀಮಾಯಣ’ ಅಂಬೇಡ್ಕರರ ಬದುಕಿನ ಕಥೆ. ಚಿತ್ರ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು. ಜನರನ್ನು ಪೆಟ್ಟಿಗೆಯೊಳಗೆ ಕೂಡಿಹಾಕಲು ಅವರು ಒಪ್ಪಲಿಲ್ಲ. ತಮ್ಮ ಮನೆಯ ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ವಿನ್ಯಾಸದಿಂದಲೇ ಪುಟವನ್ನು ವಿಂಗಡಿಸಿದರು. ಮೃದುವಾದ ಮಾತಿನ ಗುಳ್ಳೆ ಹಕ್ಕಿಯ ಆಕಾರದಲ್ಲಿ ಬರುತ್ತದೆ, ಜಾತಿಯ ವಿಷ ಕಾರುವವರ ಗುಳ್ಳೆಗೆ ಚೇಳಿನ ಕೊಂಡಿ, ಮನಸ್ಸಿನೊಳಗಿನ ಮಾತಿಗೆ ಒಂದು ಕಣ್ಣು. ನೀರು ಕೊಡದೆ ಹುಡುಗನನ್ನು ಅಟ್ಟುವವನ ಬಾಯಿಂದ ಕೊಂಡಿ ಹೊರಟದ್ದನ್ನು ನೋಡಿದ ಮೇಲೆ ಮಾಮೂಲಿ ಗುಳ್ಳೆ ಎಷ್ಟು ಬಡವಾದದ್ದು ಅನ್ನಿಸುತ್ತದೆ. ಇದನ್ನು ಮಾತ್ರ ಎಡದಿಂದ ಬಲಕ್ಕೆ ಅಂತ ಹಟ ಹಿಡಿದು ಓದಬೇಡ. ಕಣ್ಣನ್ನು ಸ್ವಲ್ಪ ಅಲೆಯಲು ಬಿಡು.

ಇನ್ನು ಫ್ಯಾಂಟಸಿ. ‘ಏನು ಬೇಕಾದರೂ ಆಗಬಹುದು’ ಅನ್ನುವ ಕಥೆಯಲ್ಲಿ ಯಾವುದಕ್ಕೂ ಬೆಲೆ ಇರುವುದಿಲ್ಲ. ಕಟ್ಟು ಹೇಗಿರಬೇಕು ಅಂತ ನೋಡಲು ದೂರ ಹೋಗಬೇಕಿಲ್ಲ, ಎ. ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮ ಜನಪದ ಕಥೆ ‘ಹೂವಾದ ಹುಡುಗಿ’ ಸಾಕು. ಎರಡು ಕೊಡ ನೀರು. ಒಂದು ಸುರಿದರೆ ಹುಡುಗಿ ಹೂವಿನ ಗಿಡವಾಗುತ್ತಾಳೆ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಹೂವು ಕೊಯ್ಯುವಾಗ ಚಿಗುರು, ರೆಂಬೆಗೆ ನೋವಾಗಬಾರದು. ಇಷ್ಟೇ ನಿಯಮ, ಮೊದಲೇ ಹೇಳಿಬಿಡುತ್ತಾರೆ. ಮುಂದೆ ನಾದಿನಿಯೂ ಅವಳ ಗೆಳತಿಯರೂ ರೆಂಬೆ ಮುರಿದು, ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡಿಹೋದಾಗ ಅವಳು ಕೈಯಿಲ್ಲದ ಕಾಲಿಲ್ಲದ ಮುದ್ದೆಯಾಗಿ ಉಳಿಯುತ್ತಾಳೆ. ಅವಳನ್ನು ಉಳಿಸಲು ಯಾವ ಋಷಿಯೂ ಹೊಸ ಮಂತ್ರ ತರುವುದಿಲ್ಲ. ಗಂಡ ಅದೇ ನೀರು ಸುರಿದು ಗಿಡ ಮಾಡಿ, ಮುರಿದ ರೆಂಬೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ ಕಟ್ಟಿ, ಇನ್ನೊಂದು ಕೊಡ ಸುರಿಯುತ್ತಾನೆ. ಕಟ್ಟಳೆ, ಅದರ ಭಂಗ, ತೆತ್ತ ಬೆಲೆ, ಅದೇ ಕಟ್ಟಳೆಯೊಳಗೆ ಪರಿಹಾರ. ಸಾವಿರ ಪುಟದ ಕಾದಂಬರಿಯನ್ನು ಅಳೆಯಲೂ ಇದೇ ಗಜಕಡ್ಡಿ ಸಾಕು.

ಅರ್ಸುಲಾ ಲೆ ಗ್ವಿನ್ 1968ರ ‘ಅರ್ಥ್‌ಸೀ’ಯಲ್ಲಿ ಇದನ್ನೇ ಮಾಡಿದ್ದಾರೆ. ಒಂದು ವಸ್ತುವಿನ ನಿಜನಾಮ ಗೊತ್ತಿದ್ದವನಿಗೆ ಅದರ ಮೇಲೆ ಹಿಡಿತ. ಆದರೆ ಒಂದು ದ್ವೀಪದಲ್ಲಿ ಮಳೆ ಬರಿಸಿದರೆ ಇನ್ನೊಂದರಲ್ಲಿ ಬರ ಬೀಳಬಹುದು. ಜಂಬಕ್ಕೆ ಮಂತ್ರ ಹೇಳಿದ ಗೆಡ್‌ನ ಮುಖದ ಮೇಲೆ ಕಲೆ ಉಳಿಯುತ್ತದೆ, ನೆರಳೊಂದು ಅವನ ಬೆನ್ನು ಹತ್ತುತ್ತದೆ. ಮಂತ್ರದಿಂದ ಗಂಟು ಬಿಡಿಸಬೇಕಾದರೆ ಆ ಮಂತ್ರ ಓದುಗರಿಗೆ ಮೊದಲೇ ಅಷ್ಟು ಚೆನ್ನಾಗಿ ತಿಳಿದಿರಬೇಕು ಅನ್ನುವುದು ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್‌ಸನ್ ಅವರ ಸೂತ್ರ. ‘ಹಾಗಾದರೆ ಲಾರ್ಡ್ ಆಫ್ ದ ರಿಂಗ್ಸ್‌ನಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್‌ನ ಶಕ್ತಿ ಎಷ್ಟು ಅಂತ ಟೋಲ್ಕಿನ್ ಎಲ್ಲೂ ಹೇಳಿಲ್ಲವಲ್ಲ’ ಅಂತ ನೀನು ಕೇಳುತ್ತೀಯ. ನಿಜ. ಆದರೆ ಕಥೆಯ ನಡುವಿರುವ ಆ ಕೇಡಿನ ಉಂಗುರ ನಾಶವಾಗುವುದು ಗ್ಯಾಂಡಾಲ್ಫ್‌ನ ಮಂತ್ರದಿಂದಲ್ಲ. ಬಿಲ್ಬೋ, ಆಮೇಲೆ ಫ್ರೋಡೊ, ಉಂಗುರಕ್ಕೆ ಹಾತೊರೆಯುವ ಗಾಲಂನನ್ನು ಕೊಲ್ಲದೆ ಬಿಟ್ಟದ್ದರಿಂದ. ಮಂತ್ರ ಮಸುಕಾಗಿರಲಿ, ಪರವಾಗಿಲ್ಲ. ಕೊನೆಯ ಬೀಗಕ್ಕೆ ಮಾತ್ರ ಅದೇ ಬೀಗದಕೈ ಆಗಕೂಡದು.

ಲೋಕ ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯಲು ಊಟ ಮತ್ತು ದೂರ ಎರಡನ್ನು ನೋಡು. ಕುದುರೆ ದಿನಕ್ಕೆ 50–60 ಕಿ.ಮೀ. ಹೋದರೆ ಹೆಚ್ಚು, ಮೇವು, ನೀರು, ವಿಶ್ರಾಂತಿ ಬೇಕು. ಹಗಲು ರಾತ್ರಿ ನಾಗಾಲೋಟ ಓಡಿ ಬೆಳಿಗ್ಗೆ ಮತ್ತೆ ತಯಾರಾದರೆ ಅದು ಬೈಕು. ಲೇಖಕಿ ಡಯಾನಾ ವಿನ್ ಜೋನ್ಸ್ ಈ ಕುದುರೆಗಳನ್ನು ಚೆನ್ನಾಗಿ ಗೇಲಿ ಮಾಡಿದ್ದಾರೆ. ಬೆನ್ನಟ್ಟುವ ಶತ್ರುಗಳ ನಡುವೆ ಬಿಡಾರ ಹೂಡಿ, ಬೇಯಲು ಗಂಟೆಗಟ್ಟಲೆ ಹಿಡಿಯುವ ಸ್ಟ್ಯೂವನ್ನೇ ಎಲ್ಲರೂ ಯಾಕೆ ಮಾಡುತ್ತಾರೆ ಅನ್ನುವುದೂ ಅವರ ಗೇಲಿಯೇ. ಮಾತಿನ ಧಾಟಿಯನ್ನೂ ಕೇಳಿಸಿಕೋ. ಕನ್ನಡದಲ್ಲಿ ಬರೆಯುವವರು ರಾಜನ ಬಾಯಿಗೆ ಕಂಪನಿ ನಾಟಕದ ಸಂಸ್ಕೃತ ತುರುಕುತ್ತಾರೆ, ಇಲ್ಲವೇ ಎಫ್ಎಂ ರೇಡಿಯೋದ ಹರಟೆ. ಒಳ್ಳೆಯ ಅರ್ಥಧಾರಿ ತಾಳಮದ್ದಲೆಯಲ್ಲಿ ಇವೆರಡರ ನಡುವಿನ ದಾರಿಯಲ್ಲಿ ನಡೆಯುವುದನ್ನು ಒಮ್ಮೆ ಕೂತು ಕೇಳು.

ಸರಣಿಗಳ ವಿಷಯ ಬೇಗ ಹೇಳಿಬಿಡುತ್ತೇನೆ. 1954–55ರಲ್ಲಿ ಮೂರು ಸಂಪುಟವಾಗಿ ಬಂದ ‘ಲಾರ್ಡ್ ಆಫ್ ದ ರಿಂಗ್ಸ್’ ಒಂದೇ ಕಾದಂಬರಿ. ಮೊದಲನೆಯದು ಮುಗಿಸಿ ‘ಕಥೆ ಅರ್ಧಕ್ಕೇ ನಿಂತಿತು’ ಅನ್ನಬೇಡ. ಟೆರ್ರಿ ಪ್ರ್ಯಾಚೆಟ್‌ನ ‘ಡಿಸ್ಕ್‌ವರ್ಲ್ಡ್’ನಲ್ಲಿ 41 ಕಾದಂಬರಿಗಳಿವೆ. 1983ರ ಮೊದಲನೆಯದರಿಂದ ಶುರುಮಾಡಿದವರು ಅಲ್ಲೇ ಬಿಟ್ಟುಬಿಡುವುದುಂಟು, ಅದರಲ್ಲಿ ಅವರ ಕೈ ಇನ್ನೂ ಪಳಗಿರಲಿಲ್ಲ. ‘ಮಾರ್ಟ್’ ಇಲ್ಲವೇ ‘ಗಾರ್ಡ್ಸ್! ಗಾರ್ಡ್ಸ್!’ನಿಂದ ಹಿಡಿ.

‘ವಾಚ್‌ಮೆನ್’ ಫೋನಿನಲ್ಲಿ ಓದಬೇಡ. ಆಪ್‌ಗಳು ಒಂದೊಂದೇ ಚೌಕವನ್ನು ಹಿಗ್ಗಿಸಿ ತೋರಿಸುತ್ತವೆ, ಒಂಬತ್ತೂ ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ. ಮುದ್ರಿತ ಪ್ರತಿ ಲೈಬ್ರರಿಯಲ್ಲಿ ಸಿಗದಿದ್ದರೆ ಟ್ಯಾಬ್ಲೆಟ್ಟನ್ನು ಅಡ್ಡ ಹಿಡಿದು, ಚೌಕದ ನೋಟ ಆಫ್ ಮಾಡಿ, ಎರಡು ಪುಟ ಅಕ್ಕಪಕ್ಕ ಬರುವಂತೆ ಇಟ್ಟುಕೋ. ಮುಖಪುಟವನ್ನು ಒಂದು ಪುಟ ಅಂತ ಎಣಿಸಿ ಜೋಡಿ ತಪ್ಪಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸರಿಮಾಡು, ಇಲ್ಲದಿದ್ದರೆ ಎಡಬಲ ಅದಲುಬದಲಾಗಿ ಆ ಐದನೇ ಸಂಚಿಕೆಯ ನಡುಪುಟಗಳು ಎದುರುಬದುರಾಗುವುದೇ ಇಲ್ಲ.

ಇಂತಿ,
ನಿನ್ನ ಅಮ್ಮ