ಅಪ್ಪನ ಆರು ತಿಂಗಳ ಮಾತ್ರೆ ಮುಗಿಯಿತು

ಇವತ್ತು ಬೆಳಗ್ಗೆ ಅಪ್ಪ ಟಿಬಿಯ ಕೊನೆಯ ಮಾತ್ರೆ ನುಂಗಿದರು. ಕಫ ಪರೀಕ್ಷೆಯೂ ನೆಗೆಟಿವ್ ಬಂದಿದೆ. ಈ ಖುಷಿಯಲ್ಲಿ ಇಬ್ಬರಿಗೆ ಥ್ಯಾಂಕ್ಸ್ ಹೇಳದೆ ಇದ್ದರೆ ನನಗೆ ಸಮಾಧಾನ ಇಲ್ಲ.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ನೋಡಿದವರು ಬಾಗಿಲ ಹತ್ತಿರವೇ ನಿಂತು "ಟಿಬಿ, ಸರ್ಕಾರಿ ಆಸ್ಪತ್ರೆಗೆ ಹೋಗಿ" ಅಂದರು. ಅಷ್ಟೇ. ಅಪ್ಪ ಮನೆಗೆ ಬಂದವರೇ ತಮ್ಮ ತಟ್ಟೆ ಲೋಟ ಬೇರೆ ಎತ್ತಿಟ್ಟುಕೊಂಡರು. ಮೊಮ್ಮಗಳು ಓಡಿ ಬಂದರೆ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು.

ತಾಲೂಕು ಆಸ್ಪತ್ರೆಯ ಡಾಕ್ಟರು ಮಾಸ್ಕ್ ಹಾಕಿಕೊಂಡು, ಸ್ಟೂಲ್ ಎಳೆದುಕೊಂಡು, ಅಪ್ಪನ ಪಕ್ಕದಲ್ಲೇ ಕೂತರು. "ಯಜಮಾನ್ರೇ, ತಿಪಟೂರಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಗ್ತಿದೆ?" ಅಂತ ಕೇಳಿದರು. ವಾರದಿಂದ ಸರಿಯಾಗಿ ಬಾಯಿ ಬಿಡದ ಅಪ್ಪ ಕೊಬ್ಬರಿ, ಮಳೆ, ನುಸಿ ರೋಗ ಅಂತ ಐದು ನಿಮಿಷ ಮಾತಾಡಿದರು, ಹೊರಗೆ ಕ್ಯೂ ಬೆಳೆಯುತ್ತಿದ್ದರೂ ಡಾಕ್ಟರು ತಡೆಯಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದರು. ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲೆ 4 ತಿಂಗಳು ಮೂರು, ದುಡ್ಡು ಕೊಡೋ ಹಾಗಿಲ್ಲ. ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತೆ, ತಟ್ಟೆ ಲೋಟದಿಂದ ಹರಡಲ್ಲ. "ಮೂತ್ರ ಕಿತ್ತಳೆ ಬಣ್ಣ ಬರುತ್ತೆ, ರಕ್ತ ಅನ್ಕೊಂಡು ಹೆದರ್ಬೇಡಿ, ಅದು ಮಾತ್ರೆ ಬಣ್ಣ." ಈ ಒಂದು ಮಾತು ಮೊದಲೇ ಹೇಳದೆ ಇದ್ದಿದ್ದರೆ ಅಪ್ಪ ಮಾರನೇ ದಿನವೇ ಮಾತ್ರೆ ಬಿಸಾಡುತ್ತಿದ್ದರು, ನನಗೆ ಗೊತ್ತು.

ಇನ್ನು ನಮ್ಮ ಆಶಾ ಕಾರ್ಯಕರ್ತೆ ಅಕ್ಕ. ಮೂರನೇ ತಿಂಗಳಿಗೆ ಕೆಮ್ಮು ನಿಂತಿತು, ಮೈ ಸ್ವಲ್ಪ ತುಂಬಿತು, ಅಪ್ಪ "ಇನ್ನು ಸಾಕು" ಅಂತ ಹಠ ಹಿಡಿದರು. ಅರ್ಧಕ್ಕೆ ಬಿಟ್ಟರೆ ಇದೇ ಮಾತ್ರೆಗೆ ಮುಂದೆ ರೋಗ ಬಗ್ಗದೆ ಹೋಗಬಹುದು. ಅಕ್ಕ ಗದರಲಿಲ್ಲ. ಜಗಲಿ ಮೇಲೆ ಕೂತು "ಅಮ್ಮಾ, ಒಂದು ಲೋಟ ಕಾಫಿ ಕೊಡಿ" ಅಂದರು. ಅಕ್ಕಪಕ್ಕದವರು ನಮ್ಮನೆಯಲ್ಲಿ ನೀರು ಮುಟ್ಟುವುದನ್ನೂ ಬಿಟ್ಟಿದ್ದ ಕಾಲ ಅದು. ಅಮ್ಮ ಕಾಫಿ ತರುವಾಗ ಕೈ ನಡುಗುತ್ತಿತ್ತು. ಅಕ್ಕ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಮಾತ್ರೆ ಸ್ಟ್ರಿಪ್ ಮಡಿಲಲ್ಲಿ ಹರಡಿಕೊಂಡು ಎಣಿಸಿದರು. "ನೀವು ನುಂಗಿ, ನಾನು ನೋಡ್ಕೊಂಡು ಹೋಗ್ತೀನಿ" ಅಂದರು. ಆಮೇಲೆ ಎರಡು ವಾರ ದಿನಾ ಬಂದರು. ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ತಿಂಗಳಿಗೆ 1000 ರೂಪಾಯಿ ಬರೋದಕ್ಕೆ ಬ್ಯಾಂಕಿಗೂ ಅವರೇ ಅಲೆದರು.

ಅಕ್ಕಾ, ಆ ಕಾಫಿ ಲೋಟವನ್ನು ಅಮ್ಮ ಇವತ್ತಿಗೂ ನಿಮ್ಮದು ಅಂತಲೇ ಕರೆಯುತ್ತಾರೆ. ಡಾಕ್ಟರೇ, ಅಪ್ಪ ನಿಮಗೆ ಅಂತ ಒಳ್ಳೇ ಕೊಬ್ಬರಿ ಆರಿಸಿ ಇಟ್ಟಿದ್ದಾರೆ, ಸೋಮವಾರ ಮೊಮ್ಮಗಳ ಕೈ ಹಿಡ್ಕೊಂಡು ಬರ್ತಾರೆ. ದಯವಿಟ್ಟು ಬೇಡ ಅನ್ನಬೇಡಿ.