ಟಿ.ಸಿ. ಯಾಕೆ ಕೊಡುತ್ತಿಲ್ಲ: ಪೋಷಕರಿಗೆ ಪತ್ರ

ಪೋಷಕರೇ, ನಮಸ್ಕಾರ.

ಕುಂದುವಾಡ ಕೆರೆ ಹತ್ತಿರ ನಮ್ಮ ಒಂಬತ್ತನೇ ತರಗತಿಯ ನಾಲ್ಕು ಹುಡುಗರು ಹೊಡೆದಾಡಿದ್ದು ನಿಮಗೆಲ್ಲ ಗೊತ್ತಿದೆ. ವಿಡಿಯೊ ನಮಗಿಂತ ಮೊದಲು ನಿಮ್ಮ ವಾಟ್ಸಾಪ್‌ಗೇ ಬಂದಿತ್ತು! ನಡೆದದ್ದು ಶಾಲೆಯ ಹೊರಗೆ, ಆದರೆ ಶಾಲೆಯ ಹೊತ್ತಿನಲ್ಲಿ. ಹಿಂದಿನ ಗೇಟಿಗೆ ಈಗ ಬೀಗ ಬಿದ್ದಿದೆ. ಗೈರಾದವರ ಮನೆಗೆ ಮೊದಲ ಪಿರಿಯಡ್‌ನಲ್ಲೇ ಫೋನ್ ಬರುತ್ತದೆ.

ಇದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಟಿ.ಸಿ.ಯದ್ದು. "ಅವರ ಗಾಳಿ ನಮ್ಮ ಮಕ್ಕಳಿಗೂ ಸೋಕುತ್ತೆ, ಕಳಿಸಿಬಿಡಿ ಸರ್" ಎಂದಿರಿ. ಹೆತ್ತವರ ಭಯ ನನಗೆ ಅರ್ಥವಾಗುತ್ತದೆ. ಎಂಟನೇ ತರಗತಿ ಮುಗಿಯುವವರೆಗೆ ಯಾರನ್ನೂ ಹೊರಹಾಕಬಾರದು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಇವರು ಒಂಬತ್ತನೆಯವರು, ಕಾನೂನನ್ನು ನೆಪ ಮಾಡಿಕೊಳ್ಳುವ ಹಾಗಿಲ್ಲ. ಆದರೂ ಟಿ.ಸಿ. ಕೊಡುವುದಿಲ್ಲ. ಕೊಟ್ಟರೆ ಆ ಹುಡುಗರು ಎಲ್ಲಿಗೆ ಹೋಗುತ್ತಾರೆ ಹೇಳಿ? ವರ್ಷದ ಮಧ್ಯೆ ಬೇರೆ ಶಾಲೆ ಸಿಗುವುದು ಕಷ್ಟ. ಅದೇ ಕೆರೆ ಏರಿ ಮೇಲೆ, ಈ ಸಲ ಇಡೀ ದಿನ ಇರುತ್ತಾರೆ, ಸಂಜೆ ನಿಮ್ಮ ಮಕ್ಕಳು ಅಲ್ಲೇ ಸಿಗುತ್ತಾರೆ.

ಇನ್ನೂ ಬೇಜಾರಾಗಿರುವುದು ಅವರನ್ನು ನಾಲ್ಕು ಸೆಕ್ಷನ್‌ಗೆ ಹಂಚಿದ್ದಕ್ಕೆ. ಕೆಟ್ಟವರನ್ನೆಲ್ಲ ಒಂದೇ ಸೆಕ್ಷನ್‌ಗೆ ಹಾಕಿ ಎಂಬ ಸಲಹೆಯೂ ಬಂತು. ಹಾಗೆ ಹಾಕಿದರೆ ಆ ಕೋಣೆಯಲ್ಲಿ ಪುಂಡನೇ ಹೀರೋ ಆಗುತ್ತಾನೆ, ಅಲ್ವಾ? ಬ್ರಿಟನ್ನಿನ ಮಕ್ಕಳ ಮನೋವೈದ್ಯ ಮೈಕೆಲ್ ರಟ್ಟರ್ ಅವರ ತಂಡ ಲಂಡನ್ನಿನ 12 ಪ್ರೌಢಶಾಲೆಗಳನ್ನು ವರ್ಷಗಟ್ಟಲೆ ಗಮನಿಸಿ 1979ರಲ್ಲಿ ಬರೆದದ್ದೂ ಇದನ್ನೇ: ಓದಿನಲ್ಲಿ ಹಿಂದುಳಿದವರೇ ತುಂಬಿದ್ದ ಶಾಲೆಗಳಲ್ಲಿ ದಾರಿ ತಪ್ಪಿದವರು ಜಾಸ್ತಿ. ಕಟ್ಟಡ ಹಳೆಯದೋ ಹೊಸದೋ ಅನ್ನುವುದು ಲೆಕ್ಕಕ್ಕೆ ಬರಲಿಲ್ಲ. ಮೇಷ್ಟ್ರು ಹೊತ್ತಿಗೆ ಸರಿಯಾಗಿ ಪಾಠ ಶುರು ಮಾಡುತ್ತಾರಾ, ಶಹಬ್ಬಾಸ್ ಅನ್ನುತ್ತಾರಾ, ಮಕ್ಕಳಿಗೆ ಜವಾಬ್ದಾರಿ ಕೊಡುತ್ತಾರಾ ಎನ್ನುವುದು ಲೆಕ್ಕಕ್ಕೆ ಬಂತು. (ಇದನ್ನು ಸ್ಟಾಫ್ ರೂಮಿನಲ್ಲಿ ಓದಿದಾಗ ಎಲ್ಲರೂ ಸುಮ್ಮನಾದರು.) ನಾಲ್ವರಲ್ಲಿ ಒಬ್ಬನಿಗೆ ಈಗ ಕ್ರೀಡಾ ಕೋಣೆಯ ಕೀಲಿ ಕೊಟ್ಟಿದ್ದೇವೆ. ಇದನ್ನು ಬಹುಮಾನ ಅಂದುಕೊಳ್ಳಬೇಡಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯಬೇಕು, ತಪ್ಪಿಸಿದರೆ ಕೀಲಿ ವಾಪಸ್.

ನಿಮ್ಮ ಮಗುವಿಗೆ ಇವರಿಂದ ತೊಂದರೆ ಆದರೆ, ಸಣ್ಣದಿದ್ದರೂ ಸರಿ, ಅವತ್ತೇ ನನ್ನ ಹತ್ತಿರ ಬನ್ನಿ. ಆದರೆ ಟಿ.ಸಿ. ಮಾತು ಬೇಡ.

ಒಂದೇ ಕೋರಿಕೆ: ಮಕ್ಕಳ ಕೈಗೆ ಬೈಕ್ ಕೊಡಬೇಡಿ. ಆ ದಿನ ಅವರು ಕೆರೆಗೆ ಹೋದದ್ದು ಮನೆಯ ಬೈಕ್‌ಗಳಲ್ಲೇ, ಮತ್ತು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ ಬೀಳುವುದು ನಿಮಗೆ.

ಇಂತಿ,
ಮುಖ್ಯ ಶಿಕ್ಷಕರು
ದಾವಣಗೆರೆ