ಮುನ್ನುಡಿಯನ್ನು ಹರಿದು ಹಾಕು

ಪ್ರಿಯ ತಮ್ಮ,

ಹಸ್ತಪ್ರತಿ ತಲುಪಿತು. ಅದರೊಂದಿಗೆ ಇಟ್ಟಿದ್ದ ಪತ್ರ ಓದಿ ಸಂಕಟವಾಯಿತು. ಶಿಲ್ಪಿಯ ಹೆಂಡತಿ ಗಂಡನ ಉಳಿಯ ಮುಂದೆ ಬೆತ್ತಲೆ ನಿಲ್ಲುವ ಪುಟಗಳನ್ನು ಓದಿ ಸ್ನೇಹಿತರು ಮುಖ ತಿರುಗಿಸಿದರು, ನಿನ್ನ ಮೇಷ್ಟ್ರು "ಅಷ್ಟನ್ನು ತೆಗೆದುಬಿಡು, ಉಳಿದದ್ದು ಚೆನ್ನಾಗಿದೆ" ಎಂದರು, ಬರೆಯುವುದನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡಬೇಡ. ಕಾಗುಣಿತ, ಅಧ್ಯಾಯಗಳ ಉದ್ದ, ಪ್ರಕಾಶಕರ ವಿಳಾಸ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಹೇಳುವುದು ಒಂದೇ ಮಾತು: ಆ ಪುಟಗಳು ಇರಲಿ, ಅವುಗಳ ಕಾವಲಿಗೆಂದು ನೀನು ನಿಲ್ಲಿಸಿರುವ ಮುನ್ನುಡಿಯನ್ನು ಹರಿದು ಹಾಕು.

ನಮ್ಮ ಪೂರ್ವಿಕರಿಗೆ ನಾಚಿಕೆ ಎಂಬುದೇ ಗೊತ್ತಿರಲಿಲ್ಲ, ಅದನ್ನು ಬ್ರಿಟಿಷರು ತಂದರು, ಬೇಲೂರಿನ ಮದನಿಕೆಯರು ಬೆತ್ತಲೆ, ಗೊಮ್ಮಟನೂ ಬೆತ್ತಲೆ, ಆದ್ದರಿಂದ ನನ್ನನ್ನು ಬೈಯಬೇಡಿ ಎಂದು ಬರೆದಿದ್ದೀಯ. ಕಣ್ಣಿಟ್ಟು ನೋಡಿ ಬರೆದ ಒಂದು ವಾಕ್ಯವೂ ಇದರಲ್ಲಿಲ್ಲ. ಮದನಿಕೆಯರು ಬೆತ್ತಲೆ ಎಂದು ನಿನಗೆ ಯಾರು ಹೇಳಿದರು? ಎದೆ ತೆರೆದಿದೆ, ನಿಜ. ಆದರೆ ಕತ್ತೆತ್ತಿ ಸಾವಧಾನವಾಗಿ ನೋಡು: ಸೊಂಟದ ಪಟ್ಟಿ, ಅದರಿಂದ ಇಳಿಬಿದ್ದ ಮಣಿಸಾಲುಗಳು, ತೊಡೆಗೆ ಅಂಟಿದಂತಿರುವ ತೆಳುವಸ್ತ್ರದ ಅಂಚು. ಒಬ್ಬಳ ಬಟ್ಟೆಯನ್ನು ಕೋತಿ ಹಿಡಿದು ಜಗ್ಗುತ್ತಿದೆ. ಉಟ್ಟಿಲ್ಲದವಳ ಬಟ್ಟೆಯನ್ನು ಕೋತಿ ಜಗ್ಗುವುದು ಹೇಗೆ?

ಗೊಮ್ಮಟನ ಬೆತ್ತಲೆ ಬೇರೆಯೇ. ಅದು ಎಲ್ಲವನ್ನೂ ಬಿಟ್ಟವನ ಬೆತ್ತಲೆ. 10ನೇ ಶತಮಾನದ ಕೊನೆಯಲ್ಲಿ ಚಾವುಂಡರಾಯನಿಗಾಗಿ ಆ ಬಂಡೆ ಕಡೆದವರ ಕೈಯಲ್ಲಿ ಮುಚ್ಚುವ ಉಪಾಯ ಸಿದ್ಧವಾಗಿಯೇ ಇತ್ತು. ಹುತ್ತಗಳ ಪಕ್ಕದಿಂದ ಹೊರಟ ಮಾಧವಿ ಬಳ್ಳಿ ಕಾಲು ಹತ್ತಿ, ತೊಡೆ ದಾಟಿ, ತೋಳುಗಳನ್ನು ಸುತ್ತುತ್ತದೆ. ಬೇಕಿದ್ದರೆ ಒಂದು ಎಲೆಯನ್ನು ಬೇಕಾದ ಕಡೆಗೆ ವಾಲಿಸಬಹುದಿತ್ತು. ವಾಲಿಸಲಿಲ್ಲ. ಅವನು ಎಷ್ಟು ಕಾಲ ಅಲುಗದೆ ನಿಂತನೆಂದು ಹೇಳುವುದಷ್ಟೇ ಆ ಬಳ್ಳಿಯ ಕೆಲಸ. 12ನೇ ಶತಮಾನದ ಬೊಪ್ಪಣ ಕವಿ ಅಲ್ಲಿನ ಶಾಸನದ ಪ್ರಸಿದ್ಧ ಪದ್ಯದಲ್ಲಿ ಎತ್ತರ, ಸೌಂದರ್ಯ, ಅತಿಶಯ ಮೂರೂ ಈ ಮೂರ್ತಿಯಲ್ಲಿ ಒಂದಾದುವೆಂದು ಬೆರಗಾಗುತ್ತಾನೆ. ಸಮಜಾಯಿಷಿಯ ಒಂದು ಪದವೂ ಆ ಪದ್ಯದಲ್ಲಿಲ್ಲ. ಲಂಡನ್ನಿನಲ್ಲಿ ಬೇರೆಯಾಯಿತು. 1857ರಲ್ಲಿ ಟಸ್ಕನಿಯ ದೊರೆ ವಿಕ್ಟೋರಿಯಾ ರಾಣಿಗೆ ಮೈಕೆಲೆಂಜೆಲೊನ ಡೇವಿಡ್ ವಿಗ್ರಹದ ಪ್ಲಾಸ್ಟರ್ ಪ್ರತಿಯನ್ನು ಕಾಣಿಕೆ ಕೊಟ್ಟ. ರಾಜಮನೆತನದ ಹೆಂಗಸರು ಬಂದಾಗ ನೇತುಹಾಕಲೆಂದು ಪ್ಲಾಸ್ಟರಿನದೇ ಅಂಜೂರದ ಎಲೆಯನ್ನು ಮಾಡಿಸಿದರು. ಆ ಎಲೆಯನ್ನು ಈಗ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಪೀಠದ ಹಿಂಬದಿಗೆ ಬೇರೆಯಾಗಿ ಇಟ್ಟಿದ್ದಾರೆ.

ಹಾಗೆಂದು ನಾಚಿಕೆಯೆಲ್ಲ ಹಡಗಿನಲ್ಲಿ ಬಂದಿತೆಂದು ಬರೆಯಬೇಡ. ಶೂನ್ಯಸಂಪಾದನೆಯನ್ನು ಓದಿದ್ದೀಯಲ್ಲ? ಸೀರೆಯನ್ನು ಬಿಸುಟು ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಕೇಳುತ್ತಾನೆ: ಮತ್ತೆ ಕೂದಲಿನಿಂದ ಮರೆಮಾಡಿಕೊಂಡದ್ದೇಕೆ? ಕಂಡು ನಿಮಗೆ ನೋವಾದೀತೆಂದು ಮುಚ್ಚಿದೆ ಎನ್ನುತ್ತಾಳೆ ಆಕೆ. ನೋಡುವವರ ಕಣ್ಣಿನ ತೊಂದರೆ ಅಂದೂ ಇತ್ತು, ಅನುಭವ ಮಂಟಪದೊಳಗೇ ಇತ್ತು. ಕಾಲ ಒಂದೇ ದಿಕ್ಕಿಗೆ ನಡೆಯುವುದೂ ಇಲ್ಲ. ಚಿತ್ರಕಾರ ಎಂ.ಎಫ್. ಹುಸೇನರು 1976ರಲ್ಲಿ ಬರೆದ ಬೆತ್ತಲೆ ಸರಸ್ವತಿಯ ರೇಖಾಚಿತ್ರಕ್ಕೆ ಗದ್ದಲ ಎದ್ದದ್ದು 1996ರಲ್ಲಿ. 2008ರಲ್ಲಿ ದೆಹಲಿ ಹೈಕೋರ್ಟ್ ಅವರ ಮೇಲಿದ್ದ ಅಶ್ಲೀಲತೆಯ ಮೊಕದ್ದಮೆಗಳನ್ನು ರದ್ದುಮಾಡಿತು, ಆದರೂ ಅವರು ದೇಶಕ್ಕೆ ಮರಳದೆ 2011ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನಿನ್ನ ಮೇಷ್ಟ್ರ ವಿಷಯ. ಅವರಿಗೆ ನಿನ್ನ ಮೇಲೆ ಪ್ರೀತಿ ಇದೆ. ನನಗೆ ಭಯವಿರುವುದು ಆ ಪ್ರೀತಿಯದ್ದೇ. ಸಿಸ್ಟೈನ್ ಚಾಪೆಲ್‌ನ ಗೋಡೆಯ ಮೇಲೆ ಮೈಕೆಲೆಂಜೆಲೊ 1541ರಲ್ಲಿ ಮುಗಿಸಿದ ಕೊನೆಯ ತೀರ್ಪಿನ ಚಿತ್ರವಿದೆಯಲ್ಲ, ಅವನು ತೀರಿಕೊಂಡ ಮರುವರ್ಷ, 1565ರಲ್ಲಿ, ಅದಕ್ಕೆ ಬಟ್ಟೆ ತೊಡಿಸಿದವನು ಶತ್ರುವಲ್ಲ. ಅವನ ಶಿಷ್ಯನೂ ಸ್ನೇಹಿತನೂ ಆಗಿದ್ದ ದಾನಿಯೆಲೆ ದ ವೊಲ್ತೆರ್ರಾ. ಸಂತ ಕ್ಯಾಥರೀನಳ ಮೈಯ ಬಹುಭಾಗವನ್ನು ಗಾರೆಯ ಸಮೇತ ಕೆತ್ತಿ ತೆಗೆದು, ಹೊಸ ಗಾರೆ ಬಳಿದು, ಉಡುಪು ತೊಟ್ಟವಳನ್ನು ಬರೆದ. 1994ರಲ್ಲಿ ಮುಗಿದ ಸ್ವಚ್ಛತಾ ಕಾರ್ಯದಲ್ಲಿ ಆಮೇಲಿನವರು ಬಳಿದಿದ್ದ ಎಷ್ಟೋ ಬಟ್ಟೆಗಳನ್ನು ತೆಗೆದರು. ದಾನಿಯೆಲೆಯವು ಉಳಿದವು. ಕ್ಯಾಥರೀನಳ ಉಡುಪಿನ ಕೆಳಗಂತೂ ತೆಗೆದು ತೋರಿಸಲು ಏನೂ ಉಳಿದಿಲ್ಲ.

ನನ್ನದೂ ಒಂದು ಹಳೆಯ ಸಿಟ್ಟಿದೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥನಕೊಳ್ಳದ ಲಜ್ಜಾಗೌರಿ ಇದ್ದಾಳೆ. ತಲೆಯ ಜಾಗದಲ್ಲಿ ಅರಳಿದ ತಾವರೆ, ಹೆರುವವಳಂತೆ ಅಗಲಿಸಿ ಮಡಿಚಿದ ಕಾಲುಗಳು, ಕೊರಳಲ್ಲಿ ಹಾರ. ಇಷ್ಟನ್ನೇ ಒಂದು ಲೇಖನದಲ್ಲಿ ಬರೆದು ಕಳುಹಿಸಿದ್ದೆ. ಹೆಣ್ಣುಮಗಳು ಬರೆಯುವ ವಿಷಯವಲ್ಲ ಎಂದು ಸಂಪಾದಕರೊಬ್ಬರು ಆ ಪ್ಯಾರಾವನ್ನು ಹೊಡೆದುಹಾಕಿ, "ದೇವಿಯ ಭಂಗಿ ವರ್ಣನಾತೀತ" ಎಂದು ತಾವೇ ಸೇರಿಸಿ ನನ್ನ ಹೆಸರಿನಲ್ಲಿ ಅಚ್ಚುಹಾಕಿದರು. ನನ್ನ ಹಿತಕ್ಕೇ ಮಾಡಿದೆ ಎಂದರು. ನಾನು ಇಂದಿಗೂ ಅದನ್ನು ಕ್ಷಮಿಸಿಲ್ಲ.

ನೀನೂ ಅದೇ ಕೆಲಸ ಮಾಡಿದ್ದೀಯ, ನಿನ್ನ ಪುಟಗಳಿಗೇ. ಆ ಹೆಂಗಸು ಬಟ್ಟೆ ಕಳಚುತ್ತಿದ್ದಂತೆ ಚಂದ್ರ, ತಾವರೆ, ಬಾಳೆದಿಂಡು ಎಲ್ಲ ಓಡೋಡಿ ಬಂದು ಅವಳನ್ನು ಮುಚ್ಚಿಬಿಡುತ್ತವೆ. ಅವಳಿಗೆ ಚಳಿಯಾಗುತ್ತದೆ ಎಂಬ ಒಂದು ಸಾಲು ಮಾತ್ರ ನನಗೆ ಅವಳನ್ನು ತೋರಿಸಿತು. ಆ ಸಾಲನ್ನು ಮುಂದಕ್ಕೆ ಬೆಳೆಸು. ಎಷ್ಟು ಹೊತ್ತು ನಿಂತಳು, ಯಾವ ಕಾಲು ಮರಗಟ್ಟಿತು, ಗಂಡ ಅವಳನ್ನು ನೋಡುತ್ತಿದ್ದನೋ ಕಲ್ಲನ್ನು ನೋಡುತ್ತಿದ್ದನೋ, ಅದು ಅವಳಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಇವನ್ನೆಲ್ಲ ಬರೆದು ಮೊದಲು ನನಗೆ ಕಳುಹಿಸು. ಮೇಷ್ಟ್ರಿಗೆ ಅಚ್ಚಾದ ಮೇಲೆ ಕೊಡು.

ಪ್ರೀತಿಯಿಂದ,
ನಿನ್ನ ಅಕ್ಕ